ಊದುವ ದಿನ ಬ್ರಷ್ ಮುಟ್ಟಬಾರದು

ನಮ್ಮನೆಯವರು ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾರೆ. ಹಾಗೆಂದ ಕೂಡಲೇ ಕೆಲವರು ಅಯ್ಯೋ ಪಾಪ ಎನ್ನುವ ಮುಖ ಮಾಡುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಊರಿನಲ್ಲಿ ಅವರಂತೆ ಊದುವವರು ಇನ್ನೊಬ್ಬರಿಲ್ಲ. ಮೆರವಣಿಗೆ ಇನ್ನೂ ಆ ಕಡೆಯ ಬೀದಿಯಲ್ಲಿರುವಾಗಲೇ, ಒಲೆಯ ಮುಂದೆ ನಿಂತ ನನಗೆ ಇದು ಅವರ ಉಸಿರು ಎಂದು ಗೊತ್ತಾಗುತ್ತದೆ. ಹೆಂಡತಿ ತಾನೇ, ಹೊಗಳುತ್ತಾಳೆ ಎಂದುಕೊಂಡರೆ ಅಂದುಕೊಳ್ಳಿ, ನನಗೇನು.

ಆ ಟ್ರಂಪೆಟ್ಟನ್ನು ಅವರು ನೋಡಿಕೊಳ್ಳುವ ಪರಿ ಕಂಡರೆ ನನಗೆ ಒಂದೊಂದು ಸಲ ಹೊಟ್ಟೆಕಿಚ್ಚಾಗುತ್ತದೆ. ಬಿಡುವಿದ್ದ ದಿನ ಬಚ್ಚಲಲ್ಲಿ ಹಳೆಯ ಟವೆಲ್ ಹಾಸಿ, ಬೆಚ್ಚಗಿನ ಸೋಪಿನ ನೀರು ಮಾಡಿಕೊಂಡು ಕೂರುತ್ತಾರೆ. ಬಳುಕುವ ಉದ್ದನೆಯ ಬ್ರಷ್ಷನ್ನು ಕೊಳವೆಯ ಈ ತುದಿಯಿಂದ ತೂರಿಸಿ ಆ ತುದಿಯಿಂದ ಎಳೆಯುತ್ತಾರೆ. ತುಟಿಗೆ ಒತ್ತಿಕೊಳ್ಳುವ ಪುಟ್ಟ ಬಟ್ಟಲಿಗೆ ಬೇರೆಯೇ ಒಂದು ಪುಟ್ಟ ಬ್ರಷ್ಷಿದೆ. ಒಳಗೆ ಎಂಜಲು ನಿಂತರೆ ಪಾಚಿ ಕಟ್ಟುತ್ತದಂತೆ, ಪಾಚಿ ಬಿಟ್ಟರೆ ಅದು ಹಿತ್ತಾಳೆಯನ್ನೇ ತಿನ್ನುತ್ತದಂತೆ. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಅವರು ಏಳುವುದಿಲ್ಲ.

ಅಂಥ ಮನುಷ್ಯ ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳನ್ನು ನಾಲಿಗೆಯಿಂದ ತಳ್ಳಿ ತಳ್ಳಿ ನೋಡುತ್ತಿದ್ದರು. ಎರಡೂ ಅಲ್ಲಾಡುತ್ತಿದ್ದವು. ಟ್ರಂಪೆಟ್ಟು ನಿಲ್ಲುವುದೇ ಆ ಎರಡು ಹಲ್ಲುಗಳ ಆಸರೆಯಲ್ಲಿ. ಅವು ಹೋದರೆ ಅವರ ಊದುವಿಕೆಯೂ ಹೋದಂತೆ.

ಅವರು ಮಾತ್ರ, ಇದು ಯಾವತ್ತಾದರೂ ಬರುವುದೇ ಇತ್ತು ಎನ್ನುವ ಹಾಗೆ ಸುಮ್ಮನಿದ್ದರು. ಟ್ರಂಪೆಟ್ಟು ಹಲ್ಲಿನ ಬಲಿ ಕೇಳುತ್ತದೆ ಎಂಬುದು ಅವರ ಬ್ಯಾಂಡಿನಲ್ಲಿ ಎಲ್ಲರ ನಂಬಿಕೆ. ಇವರಿಗೆ ಊದಲು ಕಲಿಸಿದ ಮಾಸ್ತರರೇ ಅದಕ್ಕೆ ಸಾಕ್ಷಿ. ಒಂದು ಕಾಲದಲ್ಲಿ ಅವರು ಊದಿದರೆ ಜನ ಅಂಗಡಿ ಬಿಟ್ಟು ಬೀದಿಗೆ ಬರುತ್ತಿದ್ದರಂತೆ. ನಡುವಯಸ್ಸಿಗೇ ಹಲ್ಲೆಲ್ಲ ಉದುರಿದವು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಟ್ರಂಪೆಟ್ಟಿನ ಒತ್ತಡಕ್ಕೆ ಜಾರುತ್ತಿತ್ತು. ಅಂದಿನಿಂದ ಅವರು ಅದೇ ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುತ್ತಾರೆ, ಒಂದು ದಿನವೂ ಗೊಣಗಿದವರಲ್ಲ.

ನಾನು ಬಿಡಬೇಕಲ್ಲ. ಬೇಡ ಬೇಡ ಎಂದರೂ ಕೇಳದೆ, ಕೈಹಿಡಿದು ಎಳೆದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರಮ್ಮ ನನ್ನ ವಯಸ್ಸಿನವರೇ. ಎಕ್ಸ್‌ರೇ ತೆಗೆದರು. ಸಣ್ಣ ಕಡ್ಡಿಯೊಂದನ್ನು ಒಸಡಿಗೂ ಹಲ್ಲಿಗೂ ನಡುವೆ ಇಳಿಸಿ, ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಅಳೆದರು. ಮುಟ್ಟಿದಲ್ಲೆಲ್ಲ ರಕ್ತ ಬಂತು. ಹೊಗೆಸೊಪ್ಪು ಉಂಟೇ ಎಂದು ಕೇಳಿದರು, ಇಲ್ಲ. ಸಕ್ಕರೆ ಕಾಯಿಲೆ ಇದ್ದರೂ ಒಸಡು ಹೀಗಾಗುತ್ತದೆ ಎಂದು ರಕ್ತ ಪರೀಕ್ಷೆ ಮಾಡಿಸಿದರು, ಅದೂ ಇಲ್ಲ. ಕೊನೆಗೆ, ದಿನಾ ಹೇಗೆ ಉಜ್ಜುತ್ತೀರಿ ಎಂದು ಕೇಳಿದರು. ಇವರು ನನ್ನ ಮುಖ ನೋಡಿದರು.

"ಊದೋ ದಿನ ಉಜ್ಜಲ್ಲ," ಎಂದರು.

ಮಾಸ್ತರರ ಕಟ್ಟಪ್ಪಣೆಯಂತೆ ಅದು: ಊದುವ ದಿನ ಬ್ರಷ್ ಮುಟ್ಟಬಾರದು. ಮುಟ್ಟಿದರೆ ಒಸಡಿನಲ್ಲಿ ರಕ್ತ ಬರುತ್ತದೆ, ರಕ್ತ ಬಂದರೆ ತುಟಿ ಜಾರುತ್ತದೆ, ಸ್ವರ ಕೆಡುತ್ತದೆ. ಬಾಯಿ ಮುಕ್ಕಳಿಸಿ ಏಲಕ್ಕಿ ಹಾಕಿಕೊಂಡರೆ ಸಾಕು. ಬಚ್ಚಲಲ್ಲಿ ನೀರಿನ ಸದ್ದು ಕೇಳಿ ಉಜ್ಜುತ್ತಿದ್ದಾರೆ ಎಂದುಕೊಂಡಿದ್ದೆ, ಏಲಕ್ಕಿಯನ್ನು ಶೋಕಿ ಎಂದುಕೊಂಡಿದ್ದೆ. ಕೈತುಂಬ ಕೆಲಸ ಸಿಗುವ ತಿಂಗಳುಗಳಲ್ಲಿ ಇವರು ಊದದ ದಿನವೇ ಇರುವುದಿಲ್ಲ. ಕೆಲಸ ಜಾಸ್ತಿ ಬಂತೆಂದು ನಾವು ಖುಷಿಪಟ್ಟಷ್ಟೂ ಇವರ ಒಸಡು ಕೆಡುತ್ತಾ ಹೋಗಿತ್ತು.

ನಾನಾಗಿದ್ದರೆ ಅಲ್ಲೇ ಅವರ ಬೆವರಿಳಿಸುತ್ತಿದ್ದೆ. ಡಾಕ್ಟರಮ್ಮ ಒಂದು ಮಾತೂ ಬೈಯಲಿಲ್ಲ. ಮುಂದಿನ ಸಲ ಟ್ರಂಪೆಟ್ಟು ತನ್ನಿ ಎಂದರು, ಅಷ್ಟೇ.

ತಂದರು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಕೊಳವೆಯೊಳಗೆ ಇಣುಕಿ, ಇಷ್ಟು ಚೊಕ್ಕವಾಗಿ ಹೇಗೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದರು. ನಮ್ಮವರಿಗೆ ಅಷ್ಟು ಸಾಕು. ಭಯವೆಲ್ಲ ಮರೆತು ಸೋಪಿನ ನೀರು, ಬ್ರಷ್ಷು, ಪಾಚಿ ಎಂದು ಶುರುಮಾಡಿದರು. ಹೊರಗೆ ಜನ ಕಾಯುತ್ತಿದ್ದರೂ ಆಕೆ ಕೊನೆಯವರೆಗೂ ಕೇಳಿದರು. ಆ ತಾಳ್ಮೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಆಮೇಲೆ ಇವರ ಕೈಗೊಂದು ಕನ್ನಡಿ ಕೊಟ್ಟು, ಹಲ್ಲಿನ ಸಂದಿಗೆ ಹಾಕುವ ಕಡ್ಡಿಯಷ್ಟು ಸಣ್ಣ ಬ್ರಷ್ಷೊಂದನ್ನು ಕೊಟ್ಟರು. ನೋಡಲು ಟ್ರಂಪೆಟ್ಟಿನ ಬಟ್ಟಲಿನ ಬ್ರಷ್ಷಿನ ಮರಿಯ ಹಾಗೇ ಇತ್ತು.

"ನೀವು ಹೇಳಿದ್ದೇ ಇಲ್ಲೂ ಆಗಿರೋದು," ಎಂದರು. "ರಕ್ತ ಬರೋದು ಬ್ರಷ್ಷಿಂದ ಅಲ್ಲ, ಸಂದೀಲಿ ಕೂತಿರೋ ಪಾಚಿಯಿಂದ. ಅದು ಗಟ್ಟಿಯಾಗಿ, ಒಸಡಿನ ಕೆಳಗೆ ಇಳಿದು, ಹಲ್ಲು ಹಿಡ್ಕೊಂಡಿರೋ ಮೂಳೆ ಕರಗೋ ಹಾಗೆ ಮಾಡುತ್ತೆ. ರಕ್ತ ಬರೋ ಜಾಗಾನೇ ಮೆತ್ತಗೆ, ಬಿಡದೆ ಉಜ್ಜಬೇಕು."

"ಹಾಗಾದ್ರೆ ಟ್ರಂಪೆಟ್ಟಿಂದ ಅಲ್ವಾ?"

"ಅಲ್ಲ."

ಹಲ್ಲು ಉಳಿಯುತ್ತದೆಯೇ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಕರಗಿದ ಮೂಳೆ ಮೊದಲಿನಂತಾಗುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು, ಆದರೆ ಮಾತು ಕೊಡಲಾರೆ ಎಂದರು. ತಾನು ಹೇಳುವವರೆಗೆ ಟ್ರಂಪೆಟ್ಟು ತುಟಿಗೆ ತಾಗಬಾರದು ಎಂದರು.

ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು, ಒಂದು ಸಲಕ್ಕೆ ಬಾಯಿಯ ಒಂದು ಮೂಲೆಯಂತೆ, ಒಸಡಿನ ಕೆಳಗೆ ಗಾರೆಯ ಹಾಗೆ ಅಂಟಿದ್ದ ಪಾಚಿಯನ್ನೆಲ್ಲ ಕೆರೆದು ತೆಗೆದರು. ಅಲ್ಲಾಡುವ ಹಲ್ಲುಗಳನ್ನು ಹಿಂಬದಿಯಿಂದ ತೆಳುವಾದ ತಂತಿಯಲ್ಲಿ ಅಕ್ಕಪಕ್ಕದವಕ್ಕೆ ಸೇರಿಸಿ ಬಿಗಿದರು. ಇನ್ನು ಮನೆಯಲ್ಲಿ ನಮ್ಮವರ ಸರದಿ. ಮೊದಮೊದಲು ಉಗುಳಿದ್ದೆಲ್ಲ ಕೆಂಪು. ನಾನು ಬಾಗಿಲಲ್ಲಿ ನಿಂತು ಮುಖ ತಿರುಗಿಸಿಕೊಳ್ಳುತ್ತಿದ್ದೆ, ಅವರು ಮಾತ್ರ ಕನ್ನಡಿಯಿಂದ ಕಣ್ಣು ಕೀಳದೆ ಒಂದೊಂದೇ ಸಂದಿಗೆ ಬ್ರಷ್ ತೂರಿಸಿ ಎಳೆಯುತ್ತಿದ್ದರು. ಬೆಳಿಗ್ಗೆಯೂ ಅಷ್ಟೇ, ಮಲಗುವ ಮುಂಚೆಯೂ ಅಷ್ಟೇ. ನೋಡನೋಡುತ್ತ ಕೆಂಪು ತಿಳಿಯಾಯಿತು, ನಿಂತೂ ಹೋಯಿತು. ನನ್ನ ಗಂಡನ ಹಟದ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಬ್ಯಾಂಡಿನವರಿಗೆ ತುಟಿಯಲ್ಲಿ ಹುಣ್ಣು ಎಂದು ಹೇಳಿದ್ದರು. ನಿಜ ಹೇಳಿದರೆ ಮಾಸ್ತರರ ಮನಸ್ಸು ನೋಯುತ್ತದೆ, ಈ ವಯಸ್ಸಿನಲ್ಲಿ ಅವರಿಗೇಕೆ ಎಂದು ನನ್ನ ಬಾಯಿಯನ್ನೂ ಕಟ್ಟಿಹಾಕಿದ್ದರು. ನಾನೂ ಹೇಗೋ ತಡೆದುಕೊಂಡಿದ್ದೆ. ಆದರೆ ಒಂದು ಸಂಜೆ ಮಾಸ್ತರರೇ ಮನೆಗೆ ಬಂದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಡೋಲಿನ ಕೋಲಿತ್ತು.

ಹುಣ್ಣಲ್ಲ, ಹಲ್ಲು ಎಂದು ತನಗೆ ಗೊತ್ತು ಎಂದರು. ನನಗೂ ಹೀಗೇ ಶುರುವಾಗಿತ್ತು, ಟ್ರಂಪೆಟ್ಟು ಹಲ್ಲು ಕೇಳೇ ಕೇಳುತ್ತೆ, ಬೇಜಾರು ಮಾಡಿಕೊಳ್ಳಬೇಡ ಎಂದರು. ನಾನು ಇನ್ನೆಷ್ಟು ದಿನ ಬಾರಿಸುತ್ತೇನೋ, ನನ್ನ ಡೋಲು ಇನ್ನು ನಿನ್ನದೇ ಎಂದು ಕೋಲನ್ನು ನಮ್ಮವರ ಮುಂದೆ ಇಟ್ಟರು. ಪ್ರೀತಿಯಿಂದಲೇ ಇಟ್ಟರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

"ಮಾಸ್ತರೇ, ಟ್ರಂಪೆಟ್ಟು ಯಾರ ಹಲ್ಲೂ ಕೇಳಿಲ್ಲ," ಎಂದೆ. "ಊದೋ ದಿನ ಉಜ್ಜಬೇಡ ಅಂತ ಹೇಳ್ಕೊಟ್ರಲ್ಲ, ಅದು ಕೇಳಿದ್ದು."

ನಮ್ಮವರು ಕಣ್ಣಲ್ಲೇ ತಡೆದರು, ಆದರೂ ನಾನು ನಿಲ್ಲಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿಬಿಟ್ಟೆ. ಮಾಸ್ತರರು ಕೈಯಲ್ಲಿದ್ದ ನೀರಿನ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

"ಹಾಗಾದ್ರೆ ನನ್ನವೂ ಉಳೀತಿದ್ವೇನಮ್ಮ?"

ನಾನು ಅವರ ಲೋಟಕ್ಕೆ ಇನ್ನಷ್ಟು ನೀರು ತುಂಬಿದೆ. ಮಾಸ್ತರರು ಕೋಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದು ಹೋದರು. ಆ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಕೊನೆಗೂ ಡಾಕ್ಟರಮ್ಮ, ಒಸಡು ಗಟ್ಟಿಯಾಗಿದೆ, ಹಲ್ಲೂ ನಿಂತಿವೆ, ಸ್ವಲ್ಪ ಸ್ವಲ್ಪವೇ ಊದಿ ನೋಡಿ ಎಂದರು. ತಪಾಸಣೆಗೆ ಮಾತ್ರ ತಪ್ಪದೆ ಬರಬೇಕು ಎಂದರು. ಅಭ್ಯಾಸದ ದಿನ ನಾನೂ ಇವರ ಜೊತೆ ಹೋದೆ. ತಗಡಿನ ಸೂರಿನ ಉದ್ದನೆಯ ಕೋಣೆ, ಬೆಂಚುಗಳ ಮೇಲೆ ತೆರೆದಿಟ್ಟ ವಾದ್ಯಗಳ ಪೆಟ್ಟಿಗೆಗಳು, ಮೂಲೆಯಲ್ಲೊಂದು ನಲ್ಲಿ. ಬ್ಯಾಂಡಿನವರೆಲ್ಲ ಸೇರಿದ್ದರು. ಮಾಸ್ತರರ ಮುಖ ನೋಡಲು ನನಗೆ ಧೈರ್ಯವಾಗದೆ ಬಾಗಿಲ ಬಳಿಯೇ ನಿಂತೆ.

ಮಾಸ್ತರರು ಡೋಲು ಪಕ್ಕಕ್ಕಿಟ್ಟು ಎಲ್ಲರ ಮುಂದೆ ಬಂದು ನಿಂತರು. ಹಲ್ಲಿನ ಸೆಟ್ಟು ಇಲ್ಲದೆ ಅವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ, ಅಷ್ಟು ಮಾನಿ ಮನುಷ್ಯ. ಅವರು ಅದನ್ನು ಕಳಚಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟರು. ಕೆನ್ನೆ ಒಳಕ್ಕೆ ಹೋಯಿತು. ಬಾಯಿ ತೆರೆದು ಆ ತುದಿಯಿಂದ ಈ ತುದಿಯವರೆಗೆ ಎಲ್ಲರಿಗೂ ತೋರಿಸಿದರು.

"ನೋಡ್ಕೊಳ್ಳಿ," ಎಂದರು. "ಇದು ಟ್ರಂಪೆಟ್ಟು ಮಾಡಿದ್ದಲ್ಲ. ನಾನೇ ಮಾಡ್ಕೊಂಡಿದ್ದು, ನಿಮಗೂ ಅದನ್ನೇ ಕಲಿಸಿದೆ. ಇವತ್ತಿಂದ ಮೊದಲು ಬ್ರಷ್ಷು, ಆಮೇಲೆ ಟ್ರಂಪೆಟ್ಟು. ರಕ್ತ ಬಂದ್ರೆ ಮುಚ್ಚಿಡಬೇಡಿ, ಡಾಕ್ಟರ ಹತ್ರ ಹೋಗಿ."

ಹಲ್ಲಿಲ್ಲದ ಬಾಯಿಯಲ್ಲಿ ಅರ್ಧ ಮಾತು ಗಾಳಿಯಾಗಿ ಹೋಗುತ್ತಿತ್ತು. ಯಾರೂ ನಗಲಿಲ್ಲ. ನಲ್ಲಿಯ ಮೇಲಿನ ಹಲಗೆಯಲ್ಲಿ ಅವರೇ ತಂದಿಟ್ಟ ಹೊಸ ಬ್ರಷ್ಷುಗಳಿದ್ದವು. ಗಡ್ಡ ನರೆತವರೂ ಸಾಲಾಗಿ ಹೋಗಿ ಉಜ್ಜಿ ಬಂದರು. ಇಂಥ ಗುರುವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ನಮ್ಮವರು ಟ್ರಂಪೆಟ್ಟನ್ನು ತುಟಿಗಿಟ್ಟರು. ಮೊದಲ ಸ್ವರ ನಡುಗಿತು. ನಾನು ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಎರಡನೆಯದು ನಿಂತಿತು, ಮೂರನೆಯದು ಕೋಣೆ ತುಂಬಿತು. ಮಾಸ್ತರರು ಡೋಲಿನ ಮೇಲೆ ಕೋಲನ್ನು ಹಗುರವಾಗಿ ತಾಗಿಸುತ್ತಾ ಅವರ ಸ್ವರದ ಜೊತೆಗೇ ಸಾಗಿದರು.

ಎಲ್ಲ ಮುಗಿದು ಹೊರಡುವಾಗ ಮಾಸ್ತರರು ಬಾಗಿಲ ಬಳಿ ನಿಂತರು. ಸೆಟ್ಟು ಇನ್ನೂ ಜೇಬಿನಲ್ಲೇ ಇತ್ತು. ಏನೋ ಹೇಳಬೇಕೆಂದು ನಾನು ತಡವರಿಸಿದೆ, ಅವರೇ ಕೈಯೆತ್ತಿ ತಡೆದರು.

"ನೀನು ಬೈದಿದ್ದು ಒಳ್ಳೇದೇ ಆಯ್ತಮ್ಮ," ಎಂದರು. "ಆಗ ನನಗೂ ಹಿಂಗೆ ಬೈಯೋರು ಒಬ್ಬರು ಇದ್ದಿದ್ರೆ, ಇವತ್ತು ನಾನೂ ನಿನ್ನ ಗಂಡನ ಜೊತೆ ಊದ್ತಿದ್ದೆ."