ಸತುವಿನೊಳಗಿನ ಸೀಸ

ವರ್ಕ್‌ಶಾಪಿಗೆ ಬೀಗ ಹಾಕಿ ಕೀಲಿಯನ್ನು ಕೈಚೀಲದ ತಳಕ್ಕೆ ತುರುಕುತ್ತಿರುವಾಗಲೇ ಅತ್ತಿಗೆ ಹಿಂದಿನಿಂದ ಬಂದು ಕೈಚಾಚಿದಳು.

"ಕೊಡಿಲ್ಲಿ. ಬಂದವರು ಕೇಳ್ತಿದಾರೆ."

ಏನು ಕೇಳುತ್ತಿದ್ದಾರೆಂದು ಬಣ್ಣದಕ್ಕನಿಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಕಿಟಕಿಯ ಹತ್ತಿರ ನಿಂತು ಎಣಿಸುತ್ತಲೇ ಇದ್ದಳು. ಇಲ್ಲಿಯತನಕ ಹನ್ನೊಂದು ಜನ. ಸಾವಿನ ಮನೆಗೆ ಜನ ಹೂವು ಹಿಡಿದು ಬರುತ್ತಾರೆ. ಇವರು ಒಬ್ಬೊಬ್ಬರೂ ಒಂದೊಂದು ರಟ್ಟಿನ ಪೆಟ್ಟಿಗೆ ಹಿಡಿದು ಬಂದಿದ್ದರು. ಒಳಗಿರುವುದು ಅಂಗೈಯುದ್ದದ ರೈಲು ಎಂಜಿನ್. ಅವಳ ಅಣ್ಣ ಮಾಡಿದ್ದು, ಅವಳು ಬಣ್ಣ ಬಳಿದದ್ದು. ಪೆಟ್ಟಿಗೆಯ ಚೀಟಿ ನೋಡಿದರೆ ಹನ್ನೊಂದೂ ಎಂದೋ ಮುಚ್ಚಿಹೋದ ಗುಡ್ಡದ ರೈಲು ಲೈನಿನವೇ. ಬೇರೆ ಯಾವುದಾದರೂ ತಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಅವಳಿಗೆ ಸಿಟ್ಟೇ ಬಂದಿತ್ತು.

"ಸ್ಮಶಾನದ ವಾಹನ ಬರೋಕೆ ಇನ್ನೂ ಒಂದು ಗಂಟೆ ಇದೆ" ಎಂದಳು ಅತ್ತಿಗೆ. "ಅಷ್ಟರಲ್ಲಿ ದೊಡ್ಡ ಹಳಿ ಮೇಲೆ ತಲಾ ಒಂದು ಸುತ್ತು ಓಡಿಸ್ತಾರಂತೆ. ನಿನ್ನಣ್ಣನಿಗೋಸ್ಕರ."

ಬಣ್ಣದಕ್ಕ ಒಳಗೆ ಧೂಳಿದೆ ಎಂದಳು. ಕರೆಂಟಿನ ತಂತಿ ಸರಿಯಿಲ್ಲ ಎಂದಳು. ಸಾವಿನ ಮನೆಯಲ್ಲಿ ರೈಲು ಓಡಿಸಿದರೆ ಜನ ಏನೆಂದಾರು ಎಂದೂ ಅಂದಳು. ಅತ್ತಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಮುಂದಿನ ಕೋಣೆಯಲ್ಲಿ ಅಣ್ಣ ಮಲಗಿದ್ದ; ಎಷ್ಟು ತೊಳೆದರೂ ಅವನ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಕೊನೆಗೆ ಅವಳು ಕೀಲಿ ಕೊಟ್ಟಳು.

ಬೀದಿಯವರ ಪಾಲಿಗೆ ಅಣ್ಣ ಆಟಿಕೆ ಮಾಡುವವನು. ಹಾಗೆ ಯಾರಾದರೂ ಅಂದರೆ ಅವನಿಗೆ ಮೂಗಿನ ತುದಿಗೆ ಕೋಪ. ದೊಡ್ಡ ಕಂಪನಿಗಳು ಎಲ್ಲರಿಗೂ ಗೊತ್ತಿರುವ ಎಂಜಿನ್ನನ್ನೇ ಹತ್ತು ಸಾವಿರ ಮಾಡಿ ಗುಡ್ಡೆ ಹಾಕುತ್ತವೆ. ಯಾರೂ ನೆನಪಿಟ್ಟುಕೊಳ್ಳದ ಲೈನಿನ, ಯಾವತ್ತೋ ಗುಜರಿಗೆ ಹೋದ ಎಂಜಿನ್ ಬೇಕೆನ್ನುವವರಿಗೆ ಗತಿ ಯಾರು? ಅಂಥವರ ಹೆಸರುಗಳೆಲ್ಲ ಅವನ ಹತ್ತಿರ ಒಂದು ಡಬ್ಬಿ ತುಂಬ ಕಾರ್ಡುಗಳಲ್ಲಿದ್ದವು. ಹೊಸದೊಂದು ಎಂಜಿನ್ ಮನಸ್ಸಿಗೆ ಬಂದರೆ ಎಲ್ಲರಿಗೂ ಕಾಗದ ಬರೆಯುತ್ತಿದ್ದ. ನೂರು ಜನ ಹೂಂ ಅಂದ ಮೇಲೆಯೇ ಕತ್ತರಿ ಹಿಡಿಯುತ್ತಿದ್ದುದು. ವರ್ಷ ವರ್ಷವೂ ಡಬ್ಬಿಯಲ್ಲಿ ಒಂದಿಷ್ಟು ಕಾರ್ಡು ಕಡಿಮೆಯಾಗುತ್ತಿತ್ತು. ಅವರು ಹವ್ಯಾಸ ಬಿಟ್ಟವರಲ್ಲ, ಲೋಕ ಬಿಟ್ಟವರು. ಉಳಿದವರು ಮಾತ್ರ ಅವನ ತಲೆ ತಿನ್ನುವುದರಲ್ಲಿ ಹಿಂದೆ ಬಿದ್ದವರಲ್ಲ. ದೀಪ ಅರ್ಧ ಮಿಲಿಮೀಟರ್ ಎಡಕ್ಕಿದೆ ಎಂದು ಒಬ್ಬರು ನಾಲ್ಕು ಪುಟ ಬರೆದಿದ್ದರು. ಅಣ್ಣ ಅದನ್ನು ಎರಡು ಸಲ ಓದಿ, ಅಳತೆಪಟ್ಟಿ ಹಿಡಿದು ನೋಡಿ, ಹೌದು ಎಂದು ಉತ್ತರ ಬರೆದಿದ್ದ.

ಅಂಥ ಮನುಷ್ಯನ ಹೆಸರು ಇನ್ನೊಂದು ಗಂಟೆಯೊಳಗೆ, ಅವನ ಹೆಣ ಮನೆಯಲ್ಲಿರುವಾಗಲೇ, ಮಣ್ಣುಪಾಲಾಗುವುದರಲ್ಲಿತ್ತು. ಅದು ಯಾರಿಂದ ಎಂದು ಗೊತ್ತಿದ್ದದ್ದು ತನಗೊಬ್ಬಳಿಗೇ ಎಂದು ಬಣ್ಣದಕ್ಕ ತಿಳಿದಿದ್ದಳು.

* * *

ಒಂಬತ್ತು ವರ್ಷದ ಹಿಂದಿನ ಮಧ್ಯಾಹ್ನ. ಗುಡ್ಡದ ಲೈನಿನ ಎಂಜಿನ್ನಿಗೆ ನೂರಿಪ್ಪತ್ತು ಜನ ಹೂಂ ಅಂದಿದ್ದರು. ಎಂಜಿನ್ನಿನ ಮೈ ಹಿತ್ತಾಳೆ ತಗಡಿನದು. ಗಾಲಿ, ಮೋಟಾರು ಹೊರುವ ಚಾಸಿ ಮಾತ್ರ ಸತುವಿನ ಎರಕ. ಒಳಗೆ ಆ ಭಾರ ಇಲ್ಲದಿದ್ದರೆ ಎಂಜಿನ್ ಏರು ಹತ್ತುವುದಿಲ್ಲ. ಚಿಮಣಿ, ದೀಪದಂಥ ಚಿಲ್ಲರೆ ಭಾಗಗಳಿಗೆ ಸೀಸ ಬೆರೆತ ಮೆತ್ತನೆಯ ಲೋಹ. ಕತ್ತರಿಸಿ ಉಳಿದ ತುಣುಕುಗಳನ್ನು ಮತ್ತೆ ಕರಗಿಸಲೆಂದು ಎರಡು ತಟ್ಟೆಗಳಲ್ಲಿ ಬೇರೆ ಬೇರೆ ಕೂಡಿಡುತ್ತಿದ್ದರು. ಎರಡು ತಟ್ಟೆಯದೂ ಒಂದೇ ಬೂದು ಬಣ್ಣ.

ಅಣ್ಣ ಗಾಲಿ ತರಲು ಹೋಗಿದ್ದ. ಪಾತ್ರೆಯಲ್ಲಿ ಸತು ಕರಗಿ ನಿಂತಿತ್ತು, ಸ್ವಲ್ಪ ಸಾಲದ ಹಾಗಿತ್ತು. ಅವಳು ತಟ್ಟೆ ಎತ್ತಿ ಸುರಿದಳು. ಸುರಿಯುವಾಗ ತುಣುಕುಗಳ ನಡುವೆ ಮುರಿದ ಪುಟ್ಟ ಚಿಮಣಿಯೊಂದು ಕಾಣಿಸಿತು, ಆಮೇಲೆ ಕಾಣಿಸಲಿಲ್ಲ. ತಟ್ಟೆ ತಪ್ಪಿತ್ತು.

ಸತುವಿಗೆ ಸೀಸ ತಾಗಬಾರದು, ತಾಗಿದರೆ ವರ್ಷಗಳ ಮೇಲೆ ಒಳಗೇ ಉಬ್ಬಿ ಹುಣ್ಣು ಹಿಡಿಯುತ್ತದೆ ಎಂದು ಅಣ್ಣ ಮೊದಲ ದಿನವೇ ಹೇಳಿದ್ದ. ಹಾಗೆ ಅವನು ಹೇಳದೆ ಬಿಟ್ಟದ್ದಾದರೂ ಏನು? ಕುಂಚ ಹೀಗೆ ಒರೆಸು, ಚಪ್ಪಲಿ ಹಾಕದೆ ಒಳಗೆ ಬರಬೇಡ, ಡಬ್ಬಿಯ ಮುಚ್ಚಳ ಬಲಕ್ಕಿಡು. ನೂರೆಂಟು ನಿಯಮಗಳಲ್ಲಿ ಅದೂ ಒಂದು ಎಂದುಕೊಂಡಿದ್ದಳು. ಈಗ ಹೇಳಿದರೆ ಇಡೀ ಪಾತ್ರೆ ಚೆಲ್ಲಬೇಕು, ಮತ್ತೆ ಸತು ಬರುವತನಕ ತಿಂಗಳು ಕಾಯಬೇಕು. ಒಂದು ಹಿಡಿ ತುಣುಕಿನಿಂದ ಏನು ಮಹಾ ಆದೀತು! ಅಣ್ಣ ಬಂದವನು, ಅಷ್ಟರಲ್ಲೇ ಹೇಗೆ ಸಾಕಾಯ್ತೇ ಎಂದು ಖುಷಿಪಟ್ಟ. ಹೇಗೋ ಆಯ್ತು ಎಂದಳು. ಚಾಸಿಗಳು ಕನ್ನಡಿಯ ಹಾಗೆ ನುಣ್ಣಗೆ ಬಂದಿದ್ದವು.

* * *

ವರ್ಕ್‌ಶಾಪಿನ ನಡುವೆ ಎದೆಮಟ್ಟದಲ್ಲಿ ಕಟ್ಟಿದ್ದ ಹಳಿಯ ಸುತ್ತ ಹನ್ನೊಂದು ಜನವೂ ನಿಂತರು. ಅತ್ತಿಗೆ ಬಾಗಿಲಿಗೆ ಒರಗಿದಳು. ಮೊದಲು ಹಲ್ಲಿನ ಡಾಕ್ಟರು ತಮ್ಮ ಪೆಟ್ಟಿಗೆ ಬಿಚ್ಚಿದರು. ರೋಗಿಗಳನ್ನು ಕಾಯಿಸಿ ಎಂಜಿನ್ನಿಗೆ ಸ್ಕ್ರೂ ಬಿಗಿಯುವ ಮನುಷ್ಯ ಎಂದು ಅಣ್ಣ ಅವರನ್ನು ಗೇಲಿ ಮಾಡುತ್ತಿದ್ದ.

ಎಂಜಿನ್ ಹೊರಟಿತು. ಬಣ್ಣದಕ್ಕ ಗೋಡೆಗೆ ಬೆನ್ನು ಕೊಟ್ಟು ಕಿವಿಯೆಲ್ಲ ಅದರ ಮೇಲೇ ಇಟ್ಟಳು. ಚಾಸಿ ಉಬ್ಬಿದ್ದರೆ ಗಾಲಿ ಉಜ್ಜಬೇಕು. ಉಜ್ಜಲಿಲ್ಲ. ಏರು ಹತ್ತಿ, ಸುರಂಗ ಹೊಕ್ಕು, ಸುತ್ತು ಮುಗಿಸಿ ಹೊರಟ ಜಾಗಕ್ಕೇ ಬಂದು ನಿಂತಿತು. ಎರಡನೆಯದೂ ಹಾಗೇ. ಮೂರು, ನಾಲ್ಕು, ಐದು. ಒಂದೊಂದು ಸರಾಗವಾಗಿ ಓಡಿದಷ್ಟೂ ಅವಳಿಗೆ ಸಮಾಧಾನ ಆಗುವ ಬದಲು ಹೆದರಿಕೆ ಹೆಚ್ಚುತ್ತ ಬಂತು. ಒಂದೇ ಪಾತ್ರೆಯ ಲೋಹ ಒಂದು ಕಡೆ ಹಾಗೆ, ಒಂದು ಕಡೆ ಹೀಗೆ ಹೇಗಾದೀತು?

ಏಕೆಂದರೆ ಅವಳದೇ ಎಂಜಿನ್ ಏನಾಯಿತೆಂದು ಅವಳು ಕಣ್ಣಾರೆ ಕಂಡಿದ್ದಳು.

* * *

ಅದು ಒಂದೂವರೆ ತಿಂಗಳ ಹಿಂದೆ. ಅವಳ ಕೋಣೆಯ ಶೆಲ್ಫಿನಲ್ಲಿ ಒಂಬತ್ತು ವರ್ಷದಿಂದ ಕೂತಿದ್ದ ಎಂಜಿನ್ನಿನ ಹೊಟ್ಟೆಯ ಮೇಲೆ ಬಣ್ಣ ಸೀಳಿತ್ತು. ಬಳಿದದ್ದು ತಾನೇ, ತನ್ನ ಕೈಯನ್ನೇ ಬೈದುಕೊಂಡಳು. ವಾರ ಕಳೆಯುವಷ್ಟರಲ್ಲಿ ಹಿತ್ತಾಳೆಯ ಬೆಸುಗೆ ಬಾಯಿ ಬಿಟ್ಟಿತು. ಸ್ಕ್ರೂ ಬಿಚ್ಚಿ ಅಲುಗಾಡಿಸಿದರೆ ಚಾಸಿ ಒಣಗಿದ ಬಿಸ್ಕತ್ತಿನ ಹಾಗೆ ಮೇಜಿನ ಮೇಲೆ ಉದುರಿತು. ಒಳಗೊಳಗೇ ಉಬ್ಬಿ, ಉಬ್ಬಿದ್ದು ಮೈಯನ್ನೂ ಸೀಳಿತ್ತು. ಆ ಮುರಿದ ಚಿಮಣಿ ಆಗ ಅವಳ ಕಣ್ಣ ಮುಂದೆ ಬಂತು.

ಹೇಳಿಬಿಡಬೇಕೆಂದು ಆಸ್ಪತ್ರೆಗೆ ಓಡಿದಳು. ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ ಅಣ್ಣ ಅವಳನ್ನು ನೋಡಿದವನೇ ಹಳೆಯ ಮಾತನ್ನೇ ಎತ್ತಿದ.

"ನಿನ್ನ ಎಂಜಿನ್ ತಂದುಕೊಡು ಅಂತ ಎಷ್ಟು ಸಲ ಹೇಳೋದು ನಿನಗೆ? ಎಣ್ಣೆ ಹಾಕಬೇಕು ಅದಕ್ಕೆ."

ನಾಲ್ಕು ವರ್ಷದಿಂದ ಹೇಳುತ್ತಲೇ ಇದ್ದ. ಶೆಲ್ಫಿನಲ್ಲಿ ಕೂತ ಎಂಜಿನ್ನಿಗೆ ಎಣ್ಣೆ ಯಾಕೆ ಎಂದು ಅವಳು ನಗುತ್ತಲೇ ಇದ್ದಳು. ಈಗ ನಗು ಬರಲಿಲ್ಲ. ಈ ಸ್ಥಿತಿಯಲ್ಲಿರುವವನಿಗೆ ನೂರಿಪ್ಪತ್ತು ಎಂಜಿನ್ನಿನ ಸುದ್ದಿ ಹೇಗೆ ಹೇಳುವುದು?

"ಹೇಗಿದೆ ಅದು?" ಎಂದು ಕೇಳಿದ.

"ಚೆನ್ನಾಗಿದೆ ಅಣ್ಣ."

ಅಣ್ಣ ಅವಳ ಮುಖವನ್ನೇ ಬಹಳ ಹೊತ್ತು ನೋಡಿ, ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ.

* * *

ಎಂಟನೆಯವರು ಗಾರ್ಡು. ಗುಡ್ಡದ ಲೈನಿನಲ್ಲಿ ಮೂವತ್ತು ವರ್ಷ ಬಾವುಟ ಹಿಡಿದವರು. ದೀಪದ ಬಗ್ಗೆ ನಾಲ್ಕು ಪುಟ ಬರೆದ ಪುಣ್ಯಾತ್ಮರೂ ಇವರೇ. ಅವರದು ಹದಿನೇಳನೇ ನಂಬರು. ಅದೇ ನಂಬರು ಬೇಕೆಂದು ಹಟ ಹಿಡಿದು ಹಾಕಿಸಿಕೊಂಡಿದ್ದರು. ಹಳಿ ಕಿತ್ತರು, ನಿಲ್ದಾಣ ಕೆಡವಿದರು, ಈಗ ಹದಿನೇಳು ಇರುವುದು ನನ್ನ ಮನೆಯಲ್ಲಿ ಮಾತ್ರ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು.

ಹದಿನೇಳು ಎರಡು ಗೇಣು ಓಡಿ ಕರ್ರೆಂದು ಉಜ್ಜಿ ನಿಂತುಬಿಟ್ಟಿತು. ಬಣ್ಣದಕ್ಕ ಗೋಡೆ ಬಿಟ್ಟು ಹಳಿಯ ಹತ್ತಿರ ಬಂದಳು.

"ಎಣ್ಣೆ ಒಣಗಿರಬೇಕು" ಎಂದರು ಗಾರ್ಡು ಸಂಕೋಚದಿಂದ. "ನನಗಿನ್ನೂ ಕಾಗದ ಬಂದಿರಲಿಲ್ಲ."

"ಯಾವ ಕಾಗದ?" ಎಂದು ಕೇಳಿದಳು ಬಣ್ಣದಕ್ಕ.

ಅದಕ್ಕೆ ಉತ್ತರ ಕೊಟ್ಟದ್ದು ಹಲ್ಲಿನ ಡಾಕ್ಟರು. ನಾಲ್ಕು ವರ್ಷದಿಂದ ಅಣ್ಣ ಒಬ್ಬೊಬ್ಬರಿಗೇ ಬರೆದು ಗುಡ್ಡದ ಎಂಜಿನ್ನನ್ನು ತರಿಸಿಕೊಂಡು, ಎಣ್ಣೆ ಹಾಕಿ ವಾಪಸ್ಸು ಕಳಿಸುತ್ತಿದ್ದನಂತೆ. ತಮ್ಮದನ್ನು ಎರಡು ತಿಂಗಳು ಇಟ್ಟುಕೊಂಡಿದ್ದನಂತೆ. ಎಣ್ಣೆ ಹಾಕಲು ಎರಡು ತಿಂಗಳು ಬೇಕೇ ಎಂದು ತಾವು ತಮಾಷೆ ಮಾಡಿದ್ದಕ್ಕೆ, ನಿಮ್ಮ ಹಲ್ಲಿಗಿಂತ ಬೇಗ ಆಗುತ್ತದೆ ಎಂದು ಬರೆದಿದ್ದನಂತೆ. ಒಬ್ಬಿಬ್ಬರು ಸಣ್ಣಗೆ ನಕ್ಕರು.

ಬಣ್ಣದಕ್ಕ ನಗಲಿಲ್ಲ. ಡಾಕ್ಟರ ಎಂಜಿನ್ ಎತ್ತಿ ಬೋರಲು ಹಾಕಿದಳು. ಅಡಿಯಲ್ಲಿ ತಾನು ಎರಕ ಹೊಯ್ದ ಬೂದು ಸತು ಇರಲಿಲ್ಲ. ಹಿತ್ತಾಳೆಯ ಪಟ್ಟಿಗಳನ್ನು ಒಂದೊಂದಾಗಿ ಕೊಯ್ದು ಜೋಡಿಸಿದ ಹೊಸ ಚಾಸಿ ಇತ್ತು. ಅಂಚಿನಲ್ಲಿ ಉಜ್ಜಿದ ಅರದ ಗೆರೆಗಳು ಸ್ವಲ್ಪ ಓರೆಯಾಗಿದ್ದವು. ಹಾಗೆ ಓರೆಯಾಗಿ ಅರ ಹಿಡಿಯುವವನು ಅಣ್ಣನೊಬ್ಬನೇ.

ಅತ್ತಿಗೆ ಬಂದು ಅವಳ ತೋಳು ಹಿಡಿದು ಮೂಲೆಗೆ ಎಳೆದಳು.

"ಇಟ್ಟುಬಿಡು ಅದನ್ನ."

"ಅತ್ತಿಗೆ, ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು? ರಿಪೇರಿಗೆ ಬಂದದ್ದೊಂದು ಒಡೆದಿದ್ದು ನೋಡಿ, ನಾನೇ ಕೈತಪ್ಪಿ ಸೀಸ ಹಾಕಿಬಿಟ್ಟೆ ಅಂದ್ರು. ನೀನು ಊಟಕ್ಕೆ ಹೋದಾಗೆಲ್ಲ ಕೂತು ಕೊಯ್ಯೋರು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಗಿತ್ತು, ಅಷ್ಟರಲ್ಲಿ ಮಲಗಿಬಿಟ್ರು. ನಿನಗೆ ಹೇಳಕೂಡದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು." ಅತ್ತಿಗೆ ಹಳಿಯ ಸುತ್ತ ನಿಂತವರ ಕಡೆ ನೋಡಿ ದನಿ ತಗ್ಗಿಸಿದಳು. "ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಂಡಿರು. ಒಳ್ಳೆ ಹೆಸರಲ್ಲಿ ಹೋಗ್ಲಿ."

ಆ ಮಧ್ಯಾಹ್ನ ಪಾತ್ರೆಯ ಮುಂದೆ ಇದ್ದದ್ದು ಬಣ್ಣದಕ್ಕ ಒಬ್ಬಳೇ. ಅಣ್ಣನಿಗೆ ತಪ್ಪಿದ್ದು ಯಾರ ಕೈ ಎಂದು ಗೊತ್ತಿತ್ತು. ಗೊತ್ತಿದ್ದೂ ತನ್ನ ತಲೆಗೆ ಕಟ್ಟಿಕೊಂಡಿದ್ದ. ಆಸ್ಪತ್ರೆಯಲ್ಲಿ ಅವಳ ಬಾಯಿಂದ ಅದು ಬರಲಿ ಎಂದೇ ಅಷ್ಟು ಹೊತ್ತು ಮುಖ ನೋಡಿದ್ದ. ಈಗ ಸುಮ್ಮನಿದ್ದರೆ ಆಯಿತು. ಸತ್ತವನೂ ಅದನ್ನೇ ಬಯಸಿದ್ದ, ಬದುಕಿರುವವಳೂ ಅದನ್ನೇ ಬೇಡುತ್ತಿದ್ದಾಳೆ. ಈ ಮನೆಯಲ್ಲಿ ಅವಳನ್ನು ಕೇಳುವವರು ಯಾರೂ ಇಲ್ಲ.

ಅತ್ತ ಗಾರ್ಡು ಎಂಜಿನ್ನಿನ ಬೆನ್ನಿಗೆ ಬೆರಳಿಟ್ಟು ಮೆಲ್ಲಗೆ ನೂಕುತ್ತಿದ್ದರು. ಮತ್ತೆ ಕರ್ರೆಂದಿತು.

"ಕರೆಂಟು ಸ್ವಲ್ಪ ಜೋರು ಕೊಡಿ ಡಾಕ್ಟ್ರೇ. ಹತ್ತುತ್ತೆ. ಇದು ಹತ್ತದೆ ಇದ್ದದ್ದೇ ಇಲ್ಲ."

"ಬೇಡ" ಎಂದಳು ಬಣ್ಣದಕ್ಕ. "ಕೈ ತೆಗೀರಿ. ಅದು ಒಳಗೆ ಒಡೀತಿದೆ."

ಎಲ್ಲರೂ ತಿರುಗಿ ನೋಡಿದರು. ಅವಳು ಯಾರ ಮುಖವನ್ನೂ ನೋಡದೆ, ಹಳಿಯನ್ನೇ ನೋಡುತ್ತ ಹೇಳಿದಳು. ಚಾಸಿಯ ಸತುವಿನಲ್ಲಿ ಸೀಸ ಸೇರಿದೆ, ಅದು ಉಬ್ಬುತ್ತದೆ, ಉಬ್ಬಿ ಮೈಯನ್ನು ಸೀಳುತ್ತದೆ. ಕಾಗದ ಬಂದವರದ್ದನ್ನು ಅಣ್ಣ ಬದಲಾಯಿಸಿದ್ದಾನೆ. ಬಾರದವರದ್ದರಲ್ಲಿ ಅದು ಹಾಗೇ ಇದೆ.

"ಅವರ ಕೈತಪ್ಪು" ಎಂದಳು ಅತ್ತಿಗೆ ಅವಸರದಲ್ಲಿ. "ವಯಸ್ಸಾಗಿತ್ತು."

"ಅಲ್ಲ ಅತ್ತಿಗೆ. ಹಾಕಿದ್ದು ನಾನು. ಹಾಕಿದ ಗಳಿಗೆಯಲ್ಲೇ ನನಗೆ ಗೊತ್ತಾಗಿತ್ತು. ಹೇಳಲಿಲ್ಲ."

ಅತ್ತಿಗೆ ಅವಳ ತೋಳಿನಿಂದ ಕೈ ತೆಗೆದಳು. ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಅಣ್ಣನ ಅರಗಳನ್ನೇ ನೋಡುತ್ತ ನಿಂತಳು.

"ನಾಲ್ಕು ವರ್ಷ" ಎಂದಳು. "ದಿನಾ ಬೈದಿದೀನಿ ನಾನು ಅವರನ್ನ."

ಅಷ್ಟೇ ಹೇಳಿ ಮುಂದಿನ ಕೋಣೆಗೆ, ಅವನ ಹತ್ತಿರ ಹೋದಳು. ಬಣ್ಣದಕ್ಕನಿಗೆ ಅವಳ ಹಿಂದೆ ಹೋಗುವ ಧೈರ್ಯ ಬರಲಿಲ್ಲ. ಹೋಗಿ ಹೇಳುವುದಾದರೂ ಏನನ್ನು? ಇಂಥ ಹೊತ್ತಿಗೆ ಯಾರಾದರೂ ಒಂದೆರಡು ಮಾತು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಯಾರೂ ಬೈಯಲಿಲ್ಲ.

ಗಾರ್ಡು ಹದಿನೇಳನ್ನು ಎರಡು ಕೈಯಲ್ಲೂ ಎತ್ತಿಕೊಂಡಿದ್ದರು.

"ಇದಕ್ಕೆ ಇನ್ನೆಷ್ಟು ದಿನ ಇದೆ ಅಕ್ಕಾ?"

"ಗೊತ್ತಿಲ್ಲ. ಚಾಸಿ ತೆಗೆದರೆ ಮೈ ಉಳಿಯಬಹುದು. ತೆಗೆಯೋವಾಗಲೇ ಒಡೆಯಲೂಬಹುದು."

"ನಿಮಗೆ ಬರುತ್ತಾ? ಅವರ ಹಾಗೆ ಹೊಸದು ಮಾಡೋಕೆ?"

"ಇಲ್ಲ. ನನಗೆ ಬರೋದು ಬಣ್ಣ ಒಂದೇ."

ಉಳಿದ ಮೂವರು ಇನ್ನೂ ತಮ್ಮ ಪೆಟ್ಟಿಗೆ ಬಿಚ್ಚಿರಲಿಲ್ಲ. ನಿಮಗೆ ಕಾಗದ ಬಂದಿತ್ತೇ ಎಂದು ಡಾಕ್ಟರು ಕೇಳಿದರು. ಮೂವರೂ ಇಲ್ಲವೆಂದು ತಲೆಯಾಡಿಸಿದರು. ಅವರಲ್ಲೊಬ್ಬರು ಮುಚ್ಚಳದ ದಾರಕ್ಕೆ ಇನ್ನೊಂದು ಗಂಟು ಹಾಕಿದರು. ಹೊರಗೆ ವಾಹನ ಬಂದು ನಿಂತ ಸದ್ದಾಯಿತು.

ಅದು ಉದ್ದನೆಯ ವ್ಯಾನು. ನಡುವೆ ಅಣ್ಣ, ಎರಡು ಬದಿಗೆ ಬೆಂಚು. ಅತ್ತಿಗೆ ಅವನ ತಲೆಯ ಹತ್ತಿರ ಕೂತಳು. ಬಣ್ಣದಕ್ಕ ಬಂದಾಗ ಪಕ್ಕದ ಜಾಗದಲ್ಲಿ ತನ್ನ ಚೀಲ ಇಟ್ಟಳು. ಬಣ್ಣದಕ್ಕ ಅಣ್ಣನ ಕಾಲಿನ ಕಡೆ, ಕಾಗದ ಬಾರದ ನಾಲ್ವರ ನಡುವೆ ಕೂರಬೇಕಾಯಿತು. ಕಾಗದ ಬಂದವರೆಲ್ಲ ಎದುರು ಬೆಂಚಿನಲ್ಲಿದ್ದರು. ಅವರು ಇವರ ಮಡಿಲಿನ ಪೆಟ್ಟಿಗೆಗಳನ್ನು ನೋಡದಿರಲು ಕಿಟಕಿಯ ಆಚೆ ನೋಡುತ್ತಿದ್ದರು.

ಬೀದಿ ದಾಟಿ ವ್ಯಾನು ಕಿತ್ತುಹೋದ ರಸ್ತೆಗೆ ಇಳಿಯಿತು. ಚಕ್ರ ಮೊದಲ ಗುಂಡಿಗೆ ಬಿದ್ದಾಗ ನಾಲ್ವರೂ ಒಮ್ಮೆಲೇ ಪೆಟ್ಟಿಗೆಗಳನ್ನು ಮಡಿಲಿನಿಂದ ಮೇಲಕ್ಕೆತ್ತಿ ಹಿಡಿದರು. ಕುಲುಕಾಟ ನಿಂತ ಮೇಲೆ ಮೂವರು ಮೆಲ್ಲಗೆ ಕೆಳಗಿಟ್ಟುಕೊಂಡರು. ಗಾರ್ಡು ಇಡಲಿಲ್ಲ. ಬಣ್ಣದಕ್ಕನ ಪಕ್ಕದಲ್ಲೇ, ಪೆಟ್ಟಿಗೆಯನ್ನು ಕಿವಿಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಕೇಳುತ್ತ ಕೂತರು.