ಸಾವಂತ್ರವ್ವನ ರಾಜಿ

“ಏ ರಂಡಿ, ಸರಸರ ನಡೀ. ನಿನಗೇನ ಪಲ್ಲಕ್ಕಿ ತರಿಸಬೇಕೇನ?”

ಮಹಿಳಾ ಪೇದೆ ರಟ್ಟೆ ಹಿಡಿದು ಜಗ್ಗಿದ ರಭಸಕ್ಕೆ ಸಾವಂತ್ರವ್ವ ಮುಗ್ಗರಿಸಿದಳು. ಸವಣೂರಿನ ಕೋರ್ಟಿನ ಪಡಸಾಲೆಯಲ್ಲಿದ್ದ ಜನ ತಿರುಗಿ ನೋಡಿದರು.

ಮೂರು ತಿಂಗಳಿಂದ ಅವಳು ಜೈಲಿನಲ್ಲಿದ್ದಳು. ಧೀರೇಂದ್ರ ಧಣಿಯ ಎಲೆತೋಟದ ಮೂಲೆಯಲ್ಲಿ ಮೂವತ್ತು ವರ್ಷದಿಂದಿದ್ದ ಅವಳ ಗುಡಿಸಲನ್ನು ಕೆಡವಲು ಕಾರಭಾರಿ ಮಹಾಂತೇಶ ಬಂದಾಗ ಕುಡುಗೋಲು ಬೀಸಿದ್ದಳು. ತಾಗಿರಲಿಲ್ಲ. ಆದರೂ ಕೊಲೆಗೆ ಯತ್ನ ಎಂದು ಕೇಸಾಯಿತು. ಆ ಜಾಗ ತನ್ನದೆಂದು ಅದಕ್ಕೂ ಮೊದಲೇ ಅವಳು ಹಾಕಿದ್ದ ದಾವೆಯಲ್ಲಿ ಇಂದು ರಾಜಿ ಮಾತುಕತೆ. ಅದಕ್ಕೇ ಜೈಲಿನಿಂದ ಕರೆತಂದಿದ್ದರು.

ಚಿಕ್ಕ ಕೋಣೆ. ಮೇಜಿನ ಆಚೆ ಸಂಧಾನ ಮಾಡಿಸುವ ವಕೀಲೆ ಪದ್ಮಜಾ, ಪಕ್ಕದಲ್ಲಿ ಧಣಿ. ಈಚೆ ಸಾವಂತ್ರವ್ವನ ಮಗಳು ಮಂಜುಳಾ, ಒಣಗಿದ ತೊಗಟೆಯಂತಾಗಿದ್ದಳು.

“ಕುಂದರ ಸಾವಂತ್ರವ್ವ,” ಧಣಿ ಮೆಲ್ಲಗೆ ಹೇಳಿದ. “ನನಗ ನಿನ್ನ ಮ್ಯಾಲೆ ಸಿಟ್ಟಿಲ್ಲ. ದಾವಾ ಹಿಂದ ತಗೋ, ಜಾಗಾ ಬಿಡು. ನಿನ್ನ ಜಾಮೀನಿಗೆ ನಾವು ಅಡ್ಡ ಬರಂಗಿಲ್ಲ. ಆರಾಮ ಮನಿಗೆ ಹೋಗ್ತಿ.”

“ಯಾವ ಮನಿಗ್ರಿ?”

ಧಣಿ ನಕ್ಕು ಮಂಜುಳಾಳ ಕಡೆ ನೋಡಿದ.

“ಅವ್ವಾ, ಹೆಬ್ಬಟ್ಟ ಒತ್ತಬೇ. ಧಣ್ಯಾರು ಹೇಳೂದು ಖರೇ ಐತಿ. ಎಲ್ಲೆರ ಇರೂಣಂತ.” ಬಾಯಿಪಾಠ ಮಾಡಿಸಿದಂತಿತ್ತು ಮಾತು. ಕಣ್ಣು ಬಾಗಿಲ ಕಡೆಗಿತ್ತು. ಅಲ್ಲಿ ಮಹಾಂತೇಶ ಚೌಕಟ್ಟಿಗೆ ಒರಗಿ ನಿಂತಿದ್ದ.

“ಏನಾತ ಮಗಳ?” ಸಾವಂತ್ರವ್ವ ಪಿಸುಗುಟ್ಟಿದಳು.

“ದಿನಾ ಸಂಜಿಗೆ ಬರ್ತಾನಬೇ. ಗುಡಿಸಲ ಬಾಗಲ ಮುಂದ ಜೀಪ ನಿಂದ್ರಿಸಿ ಕುಂದರ್ತಾನ. ಏನೂ ಮಾತಾಡಂಗಿಲ್ಲ.”

ಸಾವಂತ್ರವ್ವ ಮಹಾಂತೇಶನ ಕಡೆ ಒಮ್ಮೆ ನೋಡಿದಳು. ರಾಜಿಪತ್ರದ ಪಕ್ಕದಲ್ಲಿದ್ದ ಮಸಿಯ ಮೇಲೆ ಹೆಬ್ಬೆರಳು ಒತ್ತಿದಳು.

“ತಡೀರಿ,” ಪದ್ಮಜಾ ತಲೆಯೆತ್ತದೆ ಕೇಳಿದಳು. “ಇದನ್ನ ಕೇಳಬೇಕಾಗ್ತದ. ಸ್ವಖುಷಿಯಿಂದ ಒಪ್ಪಾಕತ್ತೀರೇನ್ರಿ? ಯಾರರ ಹೆದರಿಸ್ಯಾರೇನು?”

“ಇಲ್ಲಂತ ಹೇಳ,” ಪೇದೆ ಹಿಂದಿನಿಂದ ಚಿವುಟಿದಳು.

ಸಾವಂತ್ರವ್ವ ಪತ್ರದತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಹೆದರಿಸ್ಯಾರ್ರಿ. ಈಗೂ ಅಂಜಾಕತ್ತೇನ್ರಿ. ಬಾಗಲದಾಗ ನಿಂತಾನಲ್ರಿ ಆ ಸೂಳಿಮಗ, ಅವನ ಹೆಸರ ಬರಕೋರಿ. ಈ ಧಣ್ಯಾರದೂ ಬರಕೋರಿ.”

ಹೆಬ್ಬೆರಳ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.

ಪದ್ಮಜಾ ಧಣಿಯ ಮುಖ ನೋಡಿದಳು. ಹಾಳೆಯ ಮೇಲೆ ‘ರಾಜಿ ಆಗಿಲ್ಲ’ ಎಂದಷ್ಟೇ ಬರೆದಳು. ಹೆಸರು ಬರೆಯಲಿಲ್ಲ.

ಹೊರಗೆ ಧಣಿ ಮಂಜುಳಾಳ ಬಳಿ ಬಂದು, “ಬಿಸಲ ಭಾಳ ಐತಿ ತಂಗಿ. ಮಹಾಂತೇಶ ಮನಿ ಮಟ ಬಿಡ್ತಾನ, ಹೋಗು,” ಎಂದ.

ಮಂಜುಳಾ ಜೀಪನ್ನೊಮ್ಮೆ ನೋಡಿದಳು. ತಟ್ಟನೆ ಓಡಿ, ಅವ್ವನಿಗಿಂತ ಮೊದಲೇ ಪೊಲೀಸ್ ವ್ಯಾನು ಹತ್ತಿ ಕುಳಿತು ಕಿಟಕಿಯ ಜಾಲರಿಗೆ ಬೆರಳು ಸಿಕ್ಕಿಸಿಕೊಂಡಳು.

“ಏ ಹುಚ್ಚಿ! ಇದು ಜೈಲಿಗೆ ಹೋಗೂ ಗಾಡಿ!” ಪೇದೆ ಕೂಗಿದಳು.

“ಗೊತ್ತೈತ್ರಿ. ನನ್ನೂ ಒಯ್ರಿ.”

ಪೇದೆ ಜಡೆ ಹಿಡಿದು ಎಳೆದಳು. ಮಂಜುಳಾ ಜಾಲರಿ ಬಿಡಲಿಲ್ಲ. ಸಾವಂತ್ರವ್ವ ಹತ್ತಿ ಮಗಳ ಮೇಲೆ ಬೋರಲು ಬಿದ್ದು, ಎರಡೂ ಕೈಯಿಂದ ತಬ್ಬಿ ಹಿಡಿದಳು. ಮತ್ತಿಬ್ಬರು ಪೊಲೀಸರು ಓಡಿಬಂದರು.

ಆಚೆ ಮಹಾಂತೇಶ ಜೀಪು ಚಾಲೂ ಮಾಡಿಕೊಂಡು, ಪಕ್ಕದ ಬಾಗಿಲು ತೆರೆದು ಕಾಯುತ್ತಿದ್ದ.