ಬಚ್ಚಲಿನ ಹಸಿ ನೆಲ

ಗೇಟು ತೆಗೆಯುವಷ್ಟರಲ್ಲೇ ಸದ್ದು ಅವಳ ಕಿವಿಗೆ ಬಿತ್ತು. ಟೈಲ್ಸಿನ ಮೇಲೆ ರಬ್ಬರ್ ಸುತ್ತಿಗೆ ಬೀಳುವ ಸದ್ದು. ಒಂದೇಟು, ಸ್ವಲ್ಪ ಮೌನ, ಮತ್ತೆ ಎರಡೇಟು. ಹಾಗೆ ಬಡಿಯುವ ಗಂಡಸು ಊರಿಗೆಲ್ಲ ಒಬ್ಬನೇ, ಅವನು ಅವಳ ಗಂಡ. "ಅಯ್ಯೋ ನನ್ನ ಕರ್ಮವೇ" ಎಂದು ಹಣೆ ಚಚ್ಚಿಕೊಂಡು, ಚಪ್ಪಲಿ ಬಿಟ್ಟು ಒಳಗೆ ನುಗ್ಗಿದಳು.

ಅವನನ್ನು ಇಲ್ಲಿಗೆ ಕಳಿಸಿದ್ದು ಯಾತಕ್ಕೆ? ಗೋಡೆ ಕಟ್ಟುವಾಗ ನಿಲ್ಲೋಕೆ ಹಾಕಿದ್ದ ಸಾರುವೆಯ ಹಲಗೆ ವಾಪಸ್ ತರುವುದಕ್ಕೆ, ಅಷ್ಟೇ. ಈ ಮನೆ ಕಟ್ಟಿದ್ದು ಗಂಡಹೆಂಡಿರೇ. ಕರಣೆ ಅವನದು, ಲೆಕ್ಕ, ಕರಾರು, ಜಗಳ ಅವಳದು. ಕೊನೆಯ ಕಂತು ಕೊಡದೆಯೇ ಮನೆ ಕಟ್ಟಿಸಿದವರು ಬಂದು ಕೂತರು, ಕೇಳಿದರೆ ಇವತ್ತು ನಾಳೆ ಅಂತ ಸತಾಯಿಸಿದರು. ಕೂಲಿಯವರಿಗೆ ಬಾಕಿ, ಟೈಲ್ಸ್ ಅಂಗಡಿಗೆ ಬಾಕಿ. ಹಣ ಬರದಿದ್ದರೆ ಕಾಂಕ್ರೀಟ್ ಮಿಕ್ಸರ್ ಮಾರಬೇಕು. ಮಾರಿದರೆ ಗಂಡ ಮತ್ತೆ ಇನ್ನೊಬ್ಬರ ಕೈಕೆಳಗೆ. ಅದಕ್ಕೇ ವಕೀಲರನ್ನು ಹಿಡಿದು, ಹಣ ಬರುವ ತನಕ ಕೆಲಸ ನಿಲ್ಲಿಸಿದ್ದೇವೆ ಎಂದು ನೋಟಿಸ್ ಕೊಡಿಸಿದ್ದಳು. ಉಳಿದಿದ್ದು ಈ ಬಚ್ಚಲಿನ ನೆಲವೊಂದೇ. "ನಿಲ್ಲಿಸಿದ ಮೇಲೆ ಮುಟ್ಟಬೇಡಿ. ನಿಮ್ಮ ಕೈಯಲ್ಲಿರೋ ಅಸ್ತ್ರ ಅದೊಂದೇ" ಎಂದು ವಕೀಲರು ಅವನೆದುರಿಗೇ ಹೇಳಿದ್ದರು. ಪುಣ್ಯಾತ್ಮ ತಲೆಯನ್ನೂ ಆಡಿಸಿದ್ದ.

ಈಗ ನೋಡಿದರೆ ಪ್ಯಾಂಟು ಮೊಣಕಾಲಿಗೆ ಮಡಚಿ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಮುಕ್ಕಾಲು ನೆಲ ಮುಗಿದೇ ಹೋಗಿದೆ.

"ಏನ್ರೀ ಇದು?"

"ಬೈಬೇಡ ಕಣೆ. ಈ ಮನೆ ಅಜ್ಜಿ ಬಕೆಟ್ ಹಿಡ್ಕೊಂಡು ಬಂದ್ರು. ನೀರೆಲ್ಲ ಮೂಲೇಲಿ ನಿಂತಿತ್ತು, ಜಾರಿ ಗೋಡೆ ಹಿಡ್ಕೊಂಡ್ರು. ಅದನ್ನ ನೋಡಿ ಹಲಗೆ ಹೊತ್ಕೊಂಡು ಬರೋಕಾಗ್ಲಿಲ್ಲ."

"ಅವರ ಮಗನಿಗಿಲ್ಲದ ಸಂಕಟ ನಿಮಗ್ಯಾಕೆ?"

"ನೆಲ ಅರ್ಧಕ್ಕೆ ಬಿಟ್ಟಿದ್ದು ಅವರ ಮಗ ಅಲ್ವಲ್ಲ. ನಾನು."

ಇಂಥವನನ್ನು ಕಟ್ಟಿಕೊಂಡು ಏಗಬೇಕಲ್ಲ ಎಂದು ಸಿಟ್ಟು ಬಂತು. ಅದರ ಬೆನ್ನಿಗೇ ಅವನ ಮೇಲೆ ಪ್ರೀತಿಯೂ ಉಕ್ಕಿತು. ಅಷ್ಟರಲ್ಲಿ ಅವಳ ಕಣ್ಣು ನೀರು ಹೋಗುವ ಜಾಲರಿಯ ಕಡೆ ಹೋಯಿತು.

"ಆ ಟೈಲ್ಸ್ ಎದ್ದಿದೆ. ನೀರು ವಾಪಸ್ ಬರುತ್ತೆ."

"ಎಲ್ಲಿ?"

"ಸರ್ಕೊಳ್ಳಿ" ಎಂದು ಸೆರಗು ಸಿಕ್ಕಿಸಿ, ಅವನ ಕೈಯಿಂದ ಕರಣೆ ಕಿತ್ತುಕೊಂಡು ತಾನೇ ಕೂತಳು. ನೋಟಿಸ್ ಕೊಡಿಸಿದ ಕೈಯೇ ಆ ಟೈಲ್ಸ್ ಎಬ್ಬಿಸಿ, ಕೆಳಗಿನ ಗಾರೆ ಕೆರೆದು, ಮತ್ತೆ ಕೂರಿಸಿತು. ಉಳಿದ ಕಾಲು ಭಾಗವನ್ನು ಇಬ್ಬರೂ ಸೇರಿ ಮುಗಿಸಿದರು.

ಮನೆಯ ಯಜಮಾನರು ಹೆಗಲಿಗೆ ಟವೆಲ್ ಹಾಕಿಕೊಂಡು ಬಂದಾಗ ಗಂಡಹೆಂಡತಿ ಕೈಕಾಲು ತೊಳೆದು ಬಾಗಿಲ ಹೊರಗೆ ನಿಂತಿದ್ದರು. ಅವರ ಮುಖ ಅರಳಿತು.

"ಮುಗಿಸೇಬಿಟ್ರಾ? ನೋಟಿಸು ಗೀಟಿಸು ಅಂತ ಸುಮ್ನೆ ಹೆದರಿಸಿದ್ರಲ್ಲಮ್ಮ. ಹಣದ ವಿಷಯ ಮುಂದಿನ ತಿಂಗಳು ನೋಡೋಣ."

ಅವಳು ಬಾಗಿಲಿಗೆ ಅಡ್ಡ ಕೈ ಇಟ್ಟಳು. "ಕಾಲಿಡಬೇಡಿ, ಹಸಿ ಇದೆ."

"ಎಷ್ಟು ಹೊತ್ತು?"

"ನೆಲ ನಾಳೆ ಒಣಗುತ್ತೆ. ಆದ್ರೆ ಟೈಲ್ಸ್ ನಡುವಿನ ಸಂದು ತುಂಬಿಲ್ಲ ಸಾರ್, ನೀರು ಬಿದ್ರೆ ಕೆಳಗಿಳಿದು ಎಲ್ಲ ಎದ್ದು ಬರುತ್ತೆ. ಸಂದು ತುಂಬೋದು ನಾನು. ಇವರ ಹಾಗೆ ನನಗೆ ಕೈ ತುರಿಸಲ್ಲ." ದನಿ ಏರಿಸದೆಯೇ ಹೇಳಿದಳು. "ಅಜ್ಜಿ ಇವತ್ತು ನಮ್ಮನೇಲೇ ಸ್ನಾನ ಮಾಡ್ಲಿ. ಬಿಸಿನೀರು ಕಾಯಿಸಿ ಕೊಡ್ತೀನಿ. ನೀವು ಕೊನೇ ಕಂತಿನ ಚೆಕ್ ಬರೀರಿ."

"ಬರೀತಿದ್ದೆ, ಚೆಕ್‌ಬುಕ್ ಖಾಲಿಯಾಗಿದೆಯಲ್ಲಮ್ಮ."

"ಎಲ್ಲೋ ಖಾಲಿಯಾಗಿದೆ?" ಹಿಂದಿನಿಂದ ಅಜ್ಜಿಯ ದನಿ ಬಂತು. "ಹೊಸದು ನನ್ನ ಬೀರುವಿನಲ್ಲಿ ನೀನೇ ಇಟ್ಯಲ್ಲೋ."

ಯಜಮಾನರು ತಾಯಿಯನ್ನು ನೋಡಿದರು, ನೆಲವನ್ನು ನೋಡಿದರು, ಟವೆಲ್ಲನ್ನು ಕುರ್ಚಿಯ ಮೇಲೆ ಹಾಕಿ ಒಳಕೋಣೆಗೆ ಹೋದರು. ಬೀರುವಿನ ಬಾಗಿಲು ಕಿರುಗುಟ್ಟಿತು. ಅದು ಕೇಳಿದ್ದೇ ತಡ, ಗಂಡ ಸಂದು ತುಂಬುವ ಬಿಳಿ ಪುಡಿಯ ಚೀಲಕ್ಕೆ ಕೈ ಹಾಕಿದ. ಅವಳು ಆ ಕೈಮೇಲೆ ಮೆಲ್ಲಗೆ ಒಂದೇಟು ಕೊಟ್ಟಳು.

"ತಡೀರಿ. ಸಹಿ ಆಗ್ಲಿ."

ಅವನು ಕೈ ಒರೆಸಿಕೊಂಡು, ಹೊಸ್ತಿಲ ಮೇಲೆ ಅವಳ ಪಕ್ಕದಲ್ಲಿ ಕೂತ.